ಅಕ್ಕನ ಬಾಗಿಲಿನ ಗಾಂಜಾ ಗಿಡ

ಗಾಂಜಾ ಗಿಡದ ಬಗ್ಗೆ ನಮ್ಮೂರಿನಲ್ಲಿ ಮಾತಾಡದವರಿಲ್ಲ. ವಕೀಲರು ಮಾತಾಡಿದರು, ಮಾಸ್ತರರು ಮಾತಾಡಿದರು, ಚಹಾದಂಗಡಿ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುವವರೂ ಮಾತಾಡಿದರು. ನಮ್ಮಕ್ಕನ ಬೆನ್ನಿನ ಬಗ್ಗೆ ಮಾತ್ರ ಒಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಸಿಟ್ಟೆಲ್ಲ ಇದೇ. ನಾನು ಖಾರ ಕುಟ್ಟುವ ಗಿರಣಿ ನಡೆಸುವವಳು, ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ಇರುವವಳು, ಅದಕ್ಕೇ ತಂಗೆವ್ವನ ನಾಲಿಗೆ ಅಷ್ಟು ಖಾರ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾಲಿಗೆ ಸಪ್ಪಗಿದ್ದವರು ಏನು ಕಡಿದು ಕಟ್ಟೆ ಹಾಕಿದರು ಎನ್ನುವುದನ್ನೂ ನೋಡಿದ್ದೇನೆ.

ನಮ್ಮೂರಿನಲ್ಲಿ ಈ ಗಿಡವನ್ನು ಯಾರೂ ಬಿತ್ತುವುದಿಲ್ಲ. ಮನೆಯಲ್ಲಿ ಯಾರಿಗಾದರೂ ನೋವು ಬಂದು, ಹೋಗದೆ ಕೂತುಬಿಟ್ಟರೆ, ಹೊಸ್ತಿಲ ಹೊರಗೆ ಬಲಮಗ್ಗುಲಿಗೆ ತಾನೇ ಹುಟ್ಟುತ್ತದೆ. ನೆಗಡಿ ತಲೆನೋವಿಗೆಲ್ಲ ಹುಟ್ಟುವುದಿಲ್ಲ. ನೋವು ಏರಿದಂತೆ ಗಿಡ ಏರುತ್ತದೆ, ಇಳಿದರೆ ಬಾಡುತ್ತದೆ, ನೋವುಂಡವರು ಸತ್ತರೆ ಹೆಣ ಎತ್ತುವುದರೊಳಗೆ ಒಣಗಿ ನಿಂತಿರುತ್ತದೆ. ಫರಸಿ ಕಲ್ಲು ಹಾಸಿದರೆ ಸಂದಿಯಲ್ಲಿ ಬರುತ್ತದೆ, ಸಿಮೆಂಟು ಬಳಿದರೆ ಒಡೆದುಕೊಂಡು ಬರುತ್ತದೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಹೌಹಾರುತ್ತಾರೆ, ಎರಡನೆಯ ವರ್ಷ ಕಸಬರಿಗೆ ಹಿಡಿದು ಅದರ ಸುತ್ತ ಗುಡಿಸುತ್ತಾರೆ.

ಗಿಡ ಇಟ್ಟುಕೊಂಡರೆ ಅಪರಾಧ ಎನ್ನುವ ಕಾಲ ಇತ್ತು. ಆಗ ಹೆಂಗಸರು ಬೆಳಗಿನ ಕಸ ಹೊಡೆಯುವಾಗಲೇ ಅದನ್ನು ಕಿತ್ತು ಹುಲ್ಲಿನ ಬಣವೆಯಡಿ ತುರುಕಿ, ಕಿತ್ತ ಗುರುತು ಕಾಣದಂತೆ ಸೆಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದರು. ಬಲಗಡೆಯ ರಂಗೋಲಿ ದೊಡ್ಡದಿದ್ದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಹವಾಲ್ದಾರ ಮುದುಕಪ್ಪ ಗೆರೆ ಕೊರೆದ ಬಿದಿರಿನ ಕೋಲು ಹಿಡಿದು ಓಣಿ ಓಣಿ ತಿರುಗಿ, ರಂಗೋಲಿಗೆ ಕೋಲು ಚುಚ್ಚಿ ನೋಡುತ್ತಿದ್ದ. ದಾರಿಯಲ್ಲಿ ಸಿಕ್ಕವರು "ಆರಾಮ ಅದೀರಿ?" ಎಂದರೆ ಸೊಂಟ ಹಿಡಿದು ನಿಂತವರೂ "ಆರಾಮ್ರಿ, ಭಾಳ ಆರಾಮ" ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದರು. ಹಲ್ಲು ಕಚ್ಚಿಕೊಂಡು ಆರಾಮ ಅನ್ನುವುದು ನಮ್ಮೂರಿನ ಮರ್ಯಾದೆಯಾಗಿತ್ತು.

ನಮ್ಮಕ್ಕ ಬಸಲಿಂಗವ್ವ ಗಂಡನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೊಗೆಯಲ್ಲಿ, ಒಲೆಯ ಮುಂದೆ, ಕುಕ್ಕರುಗಾಲಲ್ಲಿ ಕೂತು ಬಡಿದಳು. ಮದುವೆಯಾದಾಗಿನಿಂದ ಬಡಿದಳು. ಊರಿನ ಅರ್ಧ ಗಂಡಸರು ಅವಳ ರೊಟ್ಟಿ ಉಂಡು ಬೆಳೆದವರೇ. ಒಂದು ದಿನ ಹಿಟ್ಟಿನ ಬುಟ್ಟಿ ಎತ್ತಲು ಬಾಗಿದವಳು ಮೇಲೇಳಲಿಲ್ಲ. ಬೆನ್ನುಮೂಳೆಯ ಸಂದಿಯಲ್ಲಿ ನರ ಸಿಕ್ಕಿಕೊಂಡಿದೆ, ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರೆ ಎದ್ದು ಓಡಾಡುತ್ತಾಳೆ ಎಂದು ಡಾಕ್ಟರು ಹೇಳಿದರು. ಅವಳ ಗಂಡ ರಾಚಪ್ಪ ನನಗೆ ಮಾಮ ಆಗಬೇಕು. ಮಾಮ ಡಾಕ್ಟರ ಮಾತಿಗೆ ತಲೆಯಾಡಿಸಿ ಬಂದ, ಮನೆಯಲ್ಲಿ ನನ್ನ ಮುಂದೆಯೇ ಹೇಳಿದ: "ಬಿದ್ದ ಗ್ವಾಡಿಗೆ ಸುಣ್ಣಾ ಯಾಕ ಹಚ್ಚೂದು?" ರೊಟ್ಟಿಗೆ ಬೇರೆ ಹೆಂಗಸನ್ನು ಇಟ್ಟುಕೊಂಡ. ಅಕ್ಕ ಮಲಗುವ ಹೊರಸನ್ನು ಹಿತ್ತಲ ಕೋಣೆಯಲ್ಲಿ, ಕಟ್ಟಿಗೆ ಒಟ್ಟಿದ ಕಡೆಗೆ ಹಾಕಿದ. ಅವಳು ನರಳಿದರೆ ಬಾಗಿಲಲ್ಲಿ ಇಣುಕಿ, "ಮೆಲ್ಲಕ ನರಳ, ಯಾರರ ಕೇಳ್ಯಾರು" ಎನ್ನುತ್ತಿದ್ದ. ಗಿಡ ದಿನಾ ಹುಟ್ಟುತ್ತಿತ್ತು, ಅವನು ದಿನಾ ಕೀಳುತ್ತಿದ್ದ.

ಒಂದು ಮಧ್ಯಾಹ್ನ ಅವನಿಲ್ಲದಾಗ ನಾನು ಹೋದೆ. ಬೆಳಿಗ್ಗೆ ಕಿತ್ತ ಗಿಡ ಮತ್ತೆ ಹುಟ್ಟಿ ಆಗಲೇ ಮೊಣಕಾಲು ಮುಟ್ಟಿತ್ತು. ಒಳಗೆ ಅಕ್ಕ ಸೆರಗಿನ ಚುಂಗು ಬಾಯಲ್ಲಿ ತುರುಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನಗೆ ಕಾನೂನು ನೆನಪಾಗಲಿಲ್ಲ. ಎರಡು ಎಲೆ ಹರಿದು, ಹಾಲಿನಲ್ಲಿ ಅರೆದು, ಬೆಲ್ಲ ಹಾಕಿ ಕುಡಿಸಿದೆ. ನಮ್ಮಮ್ಮ ತನ್ನ ಅತ್ತೆಗೆ ಹೀಗೇ ಕದ್ದು ಕೊಡುವುದನ್ನು ನೋಡಿದ್ದೆ. ಸ್ವಲ್ಪ ಹೊತ್ತಿಗೆ ಅಕ್ಕ ಬಾಯಿ ತೆರೆದು ಕೂಸಿನ ಹಾಗೆ ನಿದ್ದೆ ಹೋದಳು. ಹೊರಗೆ ಬಂದು ನೋಡಿದರೆ ಗಿಡ ತಲೆ ಬಾಗಿಸಿತ್ತು. ಎಲೆ ಯಾರ ನೋವಿಗೆ ಹುಟ್ಟಿತೋ ಅವರ ಹೊಟ್ಟೆ ಸೇರಿದರೆ ಗಿಡ ಹೀಗೆ ಬಾಡುತ್ತದೆ. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಗೊತ್ತಿದ್ದೂ ಒಂದು ಮನೆಯವರೂ ಕೊಡುತ್ತಿರಲಿಲ್ಲ, ಹವಾಲ್ದಾರನ ಭಯ.

ಹವಾಲ್ದಾರ ಬಂದೂ ಬಂದ. ಅರೆದ ಕಲ್ಲು ಮೂಸಿದ, ನನ್ನ ಕೈ ಮೂಸಿದ. ಠಾಣೆಯ ಬೆಂಚಿನ ಮೇಲೆ ಇಡೀ ದಿನ ಕೂತೆ, ದಂಡ ಕಟ್ಟಿದೆ, ಗಿರಣಿಯ ಗಿರಾಕಿಗಳು ಕೆಲವರು ಮುಖ ತಿರುಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ. ರಾಚಪ್ಪ ಮಾಮ ಮನೆತನದ ಮಾನ ಹೋಯಿತೆಂದು ಆರು ಜನರೆದುರು ಕಣ್ಣೀರು ಹಾಕಿದ. ಹೆಂಡತಿಯ ಬೆನ್ನಿಗೆ ಹಾಕಿದ್ದರೆ ಆ ಕಣ್ಣೀರಿಗೆ ಒಂದು ಬೆಲೆ ಇರುತ್ತಿತ್ತು.

ಮುಂದೆ ಗಿಡವನ್ನು ಕಾನೂನಿನೊಳಗೆ ತರಬೇಕೋ ಬೇಡವೋ ಎನ್ನುವ ಚರ್ಚೆ ಎದ್ದಿತು. ಸಂತೆ ಬಯಲಿನಲ್ಲಿ ಪೆಂಡಾಲು ಹಾಕಿ ಊರನ್ನೆಲ್ಲ ಕರೆದರು. ಬೇಕು ಎನ್ನುವವರ ಕಡೆಯಿಂದ ವಕೀಲ ದೇಸಾಯಿಯವರು ಎದ್ದರು. ಸಾಧು ಸಂತರು ಚಿಲುಮೆ ಸೇದಿದ್ದನ್ನು ಹೇಳಿದರು, ಔಷಧದ ಗುಣ ಹೇಳಿದರು, ಒಂದು ಎಲೆಗಾಗಿ ಜೈಲು ಸೇರಿದ ಬಡವರ ಲೆಕ್ಕ ಕೊಟ್ಟರು, ತೆರಿಗೆಯಿಂದ ಊರಿಗೆ ಡಾಂಬರು ಬರುತ್ತದೆ ಎಂದರು. ಬೇಡ ಎನ್ನುವವರ ಕಡೆಯಿಂದ ಹೆಡ್ಮಾಸ್ತರರಾಗಿದ್ದ ಹಂಪಣ್ಣನವರು ಎದ್ದು, ಹುಡುಗರು ಕೆಟ್ಟುಹೋಗುತ್ತಾರೆ, ಓದು ಬಿಡುತ್ತಾರೆ, ಬುದ್ಧಿ ಮಂಕಾಗಿ ತಂದೆ ತಾಯಿಯ ಎದೆಯ ಮೇಲೆ ಕೂರುತ್ತಾರೆ ಎಂದು ನಡುಗುವ ದನಿಯಲ್ಲಿ ಹೇಳಿದರು. ಇಬ್ಬರದೂ ಸುಳ್ಳಲ್ಲ. ಇಬ್ಬರೂ ಚೆನ್ನಾಗಿಯೇ ಮಾತಾಡಿದರು. ಆದರೆ ಮಾಸ್ತರರ ಮನೆಯ ಬಲಗಡೆಯ ರಂಗೋಲಿ ಊರಿಗೇ ದೊಡ್ಡದು, ಅವರ ಹೆಂಡತಿಯ ಕೀಲುಗಳು ಊದಿ ಕೈ ಮಡಚಲು ಬರುವುದಿಲ್ಲ ಎನ್ನುವುದು ಆ ಪೆಂಡಾಲಿನಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಆಯಮ್ಮನ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. "ಒಂದ ಮಾತ ಕೇಳ್ತೀನ್ರಿ. ಯಾರ ನೋವಿಗಿ ಗಿಡಾ ಹುಟ್ಟೇತಿ, ಅವರಿಗಿ ಒಂದ ಎಲಿ ಕೊಡಾಕ ಬಿಡ್ತೀರೋ ಇಲ್ಲೋ? ಅಷ್ಟ ಹೇಳ್ರಿ."

"ಅದನ್ನ ಆಮ್ಯಾಲ ನಿಯಮದಾಗ ಸೇರಿಸೂಣು ಅಕ್ಕಾರ, ಮದಲ ತತ್ವ ತೀರ್ಮಾನ ಆಗಲಿ" ಎಂದರು ವಕೀಲರು, ನಗುತ್ತಾ.

"ಒಂದ ಎಲಿ ಅಂತನ ಎಲ್ಲಾ ಸುರು ಆಗತೈತಿ ತಂಗಿ" ಎಂದರು ಮಾಸ್ತರರು, ನಗದೆ.

"ತತ್ವಕ್ಕ ಬೆನ್ನ ನೋಯೂದಿಲ್ರಿ" ಎಂದೆ. ಯಾರೋ ಹಿಂದಿನಿಂದ ಕೂತ್ಕೊಳ್ಳವ್ವಾ ಎಂದು ಸೆರಗು ಜಗ್ಗಿದರು. ಆಮೇಲೆ ಕೈ ಎತ್ತಿಸಿದರು. ಬೇಕು ಎನ್ನುವ ಕೈಗಳು ಹೆಚ್ಚಾದವು. ನಾನೂ ಎತ್ತಿದೆ. ಇನ್ನು ಅಕ್ಕನಿಗೆ ಎಲೆ ಕೊಡಲು ಯಾರ ಅಪ್ಪಣೆಯೂ ಬೇಡ ಎಂದುಕೊಂಡು, ಮನೆಗೆ ಬರುವ ದಾರಿಯಲ್ಲಿ ಹಾಲು ತೆಗೆದುಕೊಂಡೆ.

ಹಾಲು ಹಿಡಿದುಕೊಂಡು ಹೋದರೆ ರಾಚಪ್ಪ ಮಾಮ ಗಿಡದ ಸುತ್ತ ಮುಳ್ಳುಬೇಲಿ ಕಟ್ಟುತ್ತಿದ್ದ. ಎತ್ತಿದ ಕೈ ಇಳಿಸುವುದರೊಳಗೆ ವಕೀಲರೇ ಅಧ್ಯಕ್ಷರಾಗಿ ಸೊಪ್ಪಿನ ಸಹಕಾರ ಸಂಘ ಆಗಿತ್ತು. ನೋವಿನಿಂದ ಹುಟ್ಟಿದ ನಮ್ಮೂರಿನ ಎಲೆಗೆ ಹೊರಗೆಲ್ಲೂ ಸಾಟಿಯಿಲ್ಲವಂತೆ, ಗಿಡ ಅಳೆದು ಸಂಘ ಹಣ ಕೊಡುತ್ತದಂತೆ. ಗಿಡ ಮನೆಯ ಯಜಮಾನನದು, ಎಲೆ ಸಂಘದ್ದು, ನೋವು ಯಾರದ್ದು ಎಂದು ನಿಯಮದಲ್ಲಿ ಬರೆದಿರಲಿಲ್ಲ. "ಹರೀಬ್ಯಾಡ ತಂಗೆವ್ವ, ಈಗ ಇದು ಲೆಕ್ಕದ್ದು ಐತಿ" ಎಂದ ಮಾಮ. ಮೊದಲು ಕಾನೂನಿಗೆ ಹೆದರಿ ಕೊಡಲಿಲ್ಲ, ಈಗ ಕಾನೂನು ಒಪ್ಪಿತೆಂದು ಕೊಡಲಿಲ್ಲ. ಹಾಲನ್ನು ಓಣಿಯ ಬೆಕ್ಕಿಗೆ ಹಾಕಿ ಬಂದೆ.

ಊರು ಬದಲಾಯಿತು, ಇಲ್ಲ ಎನ್ನಲಾರೆ. ಎಲೆಗಾಗಿ ಬಡವರನ್ನು ಠಾಣೆಗೆ ಎಳೆಯುವುದು ನಿಂತಿತು, ರಸ್ತೆಗೆ ಡಾಂಬರು ಬಂತು. ಬಸ್ ಸ್ಟ್ಯಾಂಡಿನ ಹಿಂದೆ ಕಾಲೇಜಿನ ಹುಡುಗರು ಕಣ್ಣು ಕೆಂಪಗೆ ಮಾಡಿಕೊಂಡು, ಏನೂ ಇಲ್ಲದ್ದಕ್ಕೆ ನಗುತ್ತಾ ಕೂರತೊಡಗಿದರು. ಅವರ ತಾಯಂದಿರ ಬಾಗಿಲುಗಳಲ್ಲಿ ಹೊಸ ಗಿಡಗಳು ಹುಟ್ಟಿದವು. ಸಂಘದವರು ಅವನ್ನೂ ಅಳತೆ ಹಾಕಿಕೊಂಡು ಹೋದರು. ಮಾಸ್ತರರ ಅಂಗಳದಲ್ಲಿ ರಂಗೋಲಿ ಕಾಣೆಯಾಯಿತು, ಗಿಡಕ್ಕೆ ಜಾಗ ಬೇಕಲ್ಲ. ಹೆಣ್ಣು ಕೊಡುವವರು ಈಗ ಗಿಡ ನೋಡಿಯೇ ಮುಂದಿನ ಮಾತು ಆಡುತ್ತಾರೆ. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಮಗ ಅಪ್ಪನ ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನು ಅಟ್ಟದ ಮೇಲೆ ಇಟ್ಟ, ಅಪ್ಪ ಅಟ್ಟ ಹತ್ತಲಾರ. ದಾರಿಯಲ್ಲಿ ಆರಾಮ ಅದೀರಿ ಎಂದರೆ ಗಟ್ಟಿಮುಟ್ಟಾಗಿ ಇದ್ದವರೂ ಅತ್ತಿತ್ತ ನೋಡಿ, "ಏನ ಆರಾಮ್ರಿ, ಅಷ್ಟಕ್ಕಷ್ಟ" ಎಂದು ಮುಲುಕುತ್ತಾರೆ. ಹವಾಲ್ದಾರ ಮುದುಕಪ್ಪ ನಿವೃತ್ತನಾಗಿ ಸಂಘದಲ್ಲಿ ಕೆಲಸಕ್ಕೆ ಸೇರಿದ. ಅದೇ ಬಿದಿರಿನ ಕೋಲು. ಮೊದಲು ಕೀಳಲು ಅಳೆಯುತ್ತಿದ್ದ, ಈಗ ಕಾಯಲು ಅಳೆಯುತ್ತಾನೆ.

ಅಕ್ಕನ ಹೊರಸು ಕಟ್ಟಿಗೆ ಕೋಣೆಯಿಂದ ಪಡಸಾಲೆಗೆ ಬಂತು. ಬಾಗಿಲ ಹತ್ತಿರ ಇದ್ದರೆ ಗಿಡ ಚೆನ್ನಾಗಿ ಬರುತ್ತದೆಂದು ಮಾಮನಿಗೆ ಯಾರೋ ಹೇಳಿದ್ದರು. ತಲೆದಿಂಬಿಗೆ ಹೊಸ ಗವಸು, ಹೊತ್ತು ಹೊತ್ತಿಗೆ ಬಿಸಿ ಹಾಲು, ಬಾದಾಮಿ. ಮಾಮ ತಾನೇ ಅವಳ ತಲೆ ಬಾಚುತ್ತಿದ್ದ. ನೋವಿನ ಗುಳಿಗೆ ಮಾತ್ರ ಇಲ್ಲ. ಅದಕ್ಕೇ ನಾನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅವಳ ಕೈಗೆ ಕೊಟ್ಟು ಬರುತ್ತಿದ್ದೆ. ಗಿಡ ಮಾತ್ರ ಇಳಿಯುತ್ತಿರಲಿಲ್ಲ, ಬಾಗಿಲ ಚೌಕಟ್ಟು ದಾಟಿತ್ತು. ಗುಳಿಗೆಯೇ ಕಳಪೆ ಇರಬೇಕೆಂದು ಔಷಧದ ಅಂಗಡಿಯವನ ಜೊತೆ ಜಗಳ ತೆಗೆದೆ. ಆಪರೇಷನ್ ಮಾತು ಎತ್ತಿದರೆ ಮಾಮ, "ಹೂ ಬಿಡೂತನಕ ತಡಿ" ಎನ್ನುತ್ತಿದ್ದ. ಹೂ ಬಿಟ್ಟ ಮೇಲೆ, "ಈ ಹೂವಿಗಿ ಇಷ್ಟ ಬೇಡಿಕಿ ಐತಿ, ಇನ್ನೊಂದ ಸಲ ಬಿಡಲಿ" ಎಂದ.

"ಮಾಮಾ, ನೀವು ಮನಷ್ಯಾರ ಹೌದಿಲ್ರಿ?" ಎಂದು ಕೇಳಿಯೇಬಿಟ್ಟೆ.

"ಯಾಕವ್ವಾ, ಏನ ಕಮ್ಮಿ ಮಾಡೀನಿ ನಿಮ್ಮಕ್ಕಗ? ನೀನ ಕೇಳ" ಎಂದ.

ಅಕ್ಕ ಸೆರಗು ಕಚ್ಚಿಕೊಂಡೇ, ಏನೂ ಕಮ್ಮಿಯಿಲ್ಲ ಎನ್ನುವಂತೆ ಕೈ ಆಡಿಸಿದಳು. ಹೆದರಿಕೆಯಿಂದ ಹಾಗೆ ಮಾಡುತ್ತಾಳೆ ಎಂದುಕೊಂಡೆ. ನೆರೆಮನೆಯವರು ಬೇರೆ, "ನಿಮ್ಮಕ್ಕ ಪುಣ್ಯಾ ಮಾಡ್ಯಾಳ, ಗಂಡ ಕೈಯಾಗ ಹಿಡಕೊಂಡಾನ" ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಅವರ ಬಾಯಿಗೆ ನನ್ನ ಗಿರಣಿಯ ಖಾರ ಹಾಕಬೇಕು ಅನ್ನಿಸುತ್ತಿತ್ತು.

ಸಂಘಕ್ಕೆ ವರ್ಷ ತುಂಬಿದ ದಿನ ಊರಿನ ಎತ್ತರದ ಗಿಡಕ್ಕೆ ಶಾಲು ಹೊದಿಸುವುದೆಂದು ಠರಾವಾಯಿತು. ಎತ್ತರದ ಗಿಡ ಯಾವುದು ಎಂದು ಬೇರೆ ಹೇಳಬೇಕಿಲ್ಲ. ರಾಚಪ್ಪ ಮಾಮನ ಮನೆಯ ಮುಂದೆ ಕುರ್ಚಿ ಹಾಕಿದರು, ಗಿಡಕ್ಕೆ ಹಾರ ಹಾಕಿದರು, ಬ್ಯಾಂಡಿನವರು ಬಂದರು. ಅಕ್ಕನನ್ನು ಹೊಸ ಇಳಕಲ್ ಸೀರೆ ಉಡಿಸಿ, ನಾಲ್ಕು ಜನ ಹಿಡಿದು ತಂದು ಗಿಡದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕೂರಿಸಿದ ಪೆಟ್ಟಿಗೇ ಅವಳ ಮುಖ ಬೂದಿಯಾಯಿತು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ವಕೀಲರು ಮೈಕು ಹಿಡಿದು, "ಈ ತಾಯಿ ಊರಿಗಾಗಿ ಏನೆಲ್ಲಾ ಸಹಿಸ್ಯಾರ" ಎಂದು ಸುರು ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಅವಳ ರೊಟ್ಟಿ ಉಂಡು ಬೆಳೆದವರೇ ತಟ್ಟಿದರು.

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಬೇಲಿ ಸರಿಸಿ, ಕೈಗೆ ಸಿಕ್ಕ ಎಲೆ ಹರಿದೆ. ಮಾಮ ಹಾಂ ಹಾಂ ಎನ್ನುವುದರೊಳಗೆ ಅಡುಗೆಮನೆಯಿಂದ ಹಾಲು ತಂದೆ, ಗುಂಡುಕಲ್ಲು ತಂದೆ, ಹೊಸ್ತಿಲ ಮೇಲೇ ಕೂತು ಅರೆದೆ. ಖಾರ ಕುಟ್ಟುವವಳಿಗೆ ಅರೆಯುವುದು ಎಷ್ಟು ಹೊತ್ತಿನ ಕೆಲಸ. ವಕೀಲರು ಮೈಕಿನಲ್ಲೇ, "ಅಕ್ಕಾರ, ಅದು ಸಂಘದ ಸೊತ್ತು" ಎಂದರು. ಊರಿಗೆಲ್ಲ ಕೇಳಿಸಿತು. ನಾನು ಬಟ್ಟಲು ಒಯ್ದು ಅಕ್ಕನ ಬಾಯಿಗೆ ಹಿಡಿದೆ.

ಅಕ್ಕ ತುಟಿ ಬಿಗಿದು ಮುಖ ತಿರುಗಿಸಿದಳು.

"ಕುಡಿ ಅಕ್ಕಾ. ಯಾರಿಗೂ ಹೆದರಬ್ಯಾಡ. ನಾ ಅದೀನಿ."

"ಹೆದರಿ ಅಲ್ಲ ತಂಗೆವ್ವಾ" ಎಂದಳು. ದನಿ ಬಹಳ ಸಣ್ಣಗಿತ್ತು, ಆದರೂ ಮುಂದೆ ಕೂತವರಿಗೆಲ್ಲ ಕೇಳಿಸಿತು. "ನೀ ಕೊಟ್ಟ ಗುಳಗಿನೂ ನಾ ನುಂಗಲಿಲ್ಲ. ಎಲ್ಲಾ ಹೊರಸಿನ ಕಾಲ ಬುಡಕ ಮುಚ್ಚೀನಿ. ಗಿಡಾ ಹೋದ್ರ ನನ್ನ ಯಾರ ನೋಡ್ತಾರ? ಕಟ್ಟಿಗಿ ಖೋಲಿಗಿ ಹಾಕ್ತಾರ ಮತ್ತ."

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಇಷ್ಟು ದಿನ ನನ್ನ ಸಿಟ್ಟೆಲ್ಲ ರಾಚಪ್ಪ ಮಾಮನ ಮೇಲಿತ್ತು, ವಕೀಲರ ಮೇಲಿತ್ತು. ಆ ಗಳಿಗೆಯಲ್ಲಿ ಅಕ್ಕನ ಮೇಲೂ ಬಂತು. ಎರಡು ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಅನ್ನಿಸಿತು. ಸಂಸಾರ ಹೊತ್ತು ಬೆನ್ನು ಮುರಿದುಕೊಂಡ ಹೆಂಗಸಿಗೆ ಗಂಡ ತಲೆ ಬಾಚಿದ್ದು ಈ ನೋವು ಬಂದ ಮೇಲೆ, ಅದಕ್ಕೆ ಬೆಲೆ ಬಂದ ಮೇಲೆ. ಅದನ್ನು ಬಿಡು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಇಂಥ ಆಸೆಗೆ ಒಬ್ಬಳನ್ನು ತಂದು ನಿಲ್ಲಿಸಿದ ಊರಿಗೆ ಬೆಂಕಿ ಬೀಳಲಿ ಎಂದು ಗಟ್ಟಿಯಾಗಿಯೇ ಅಂದೆ.

ಬ್ಯಾಂಡಿನವರಿಗೆ ಏನು ತಿಳಿಯಿತೋ, ಕಾರ್ಯಕ್ರಮ ಕೆಡಬಾರದೆಂದು ಬಾರಿಸತೊಡಗಿದರು. ಡೋಲಿನ ಮೊದಲ ಪೆಟ್ಟಿಗೆ ಅಕ್ಕ ಬೆಚ್ಚಿದಳು. ಬೆಚ್ಚಿದ್ದೇ ಸೊಂಟದಿಂದ ಕಾಲಿನ ತುದಿಯವರೆಗೆ ನರ ಹಿಡಿಯಿತು. ಕುರ್ಚಿಯ ಮೇಲೆ ಬಿಲ್ಲಿನಂತೆ ಬಾಗಿ ಕೂಗಿದಳು. ಹಿತ್ತಲ ಕೋಣೆಯಲ್ಲಿ ಸೆರಗು ಕಚ್ಚಿ ನುಂಗಿದ ಕೂಗೆಲ್ಲ ಒಟ್ಟಿಗೆ ಬಂತು. ಆಮೇಲೆ ತಾನೇ ಕೈ ಚಾಚಿ, ಬಟ್ಟಲನ್ನು ಎರಡೂ ಕೈಯಲ್ಲಿ ಕಸಿದುಕೊಂಡು, ಗಟಗಟ ಕುಡಿದಳು. ಗದ್ದದ ಮೇಲೆ, ಹೊಸ ಸೀರೆಯ ಮೇಲೆ ಹಸಿರು ಹಾಲು ಇಳಿಯಿತು.

ಯಾರೂ ಎದ್ದು ಹೋಗಲಿಲ್ಲ. ಎಲ್ಲರೂ ಗಿಡವನ್ನೇ ನೋಡುತ್ತಾ ಕೂತರು. ಅದು ನಿಧಾನಕ್ಕೆ ತುದಿ ಬಾಗಿಸಿತು, ಎಲೆ ಮುದುಡಿತು, ಹಾರದ ಭಾರಕ್ಕೆ ಕುಸಿಯತೊಡಗಿತು. ರಾಚಪ್ಪ ಮಾಮ ಓಡಿ ಬಂದು ಗಿಡವನ್ನು ಹಿಡಿದುಕೊಂಡ. ಕುರ್ಚಿಯಿಂದ ಜಾರುತ್ತಿದ್ದ ಅಕ್ಕನನ್ನು ನಾನು ಹಿಡಿದುಕೊಂಡೆ. ವಕೀಲರು ಶಾಲನ್ನು ಮಡಚಿ ಮತ್ತೆ ಚೀಲದಲ್ಲಿ ಇಟ್ಟುಕೊಂಡರು. ಮೊದಲ ಸಲ ಎಲೆ ಇಟ್ಟುಕೊಂಡ ಅಪರಾಧ ನನ್ನ ಮೇಲಿತ್ತು, ಈ ಸಲ ಎಲೆ ಕದ್ದ ಅಪರಾಧ. ಹೇಳಿಕೆ ಕೊಟ್ಟವನೂ ಅದೇ ಮುದುಕಪ್ಪ. ಖಟ್ಲೆ ಇನ್ನೂ ನಡೆದಿದೆ, ನಡೆಯಲಿ.

ಅಂದೇ ಅಕ್ಕನನ್ನು ಖಾರದ ಚೀಲ ಹೊರುವ ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಮನೆಗೆ ತಂದೆ. ಮಾಮ ತಡೆಯಲಿಲ್ಲ. ಬಾಡಿದ ಗಿಡದ ಬುಡಕ್ಕೆ ನೀರು ಹಾಕುತ್ತಾ ನಿಂತಿದ್ದ. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೊದಲ ದಿನಗಳಲ್ಲಿ ಅಕ್ಕ ನನ್ನ ಮುಖ ನೋಡಲೂ ಹೆದರುತ್ತಿದ್ದಳು. ನೋವಿಲ್ಲ ಎಂದು ಹೇಳಲು ನಾಚಿಕೊಳ್ಳುತ್ತಿದ್ದಳು. ಊಟ ಕೊಟ್ಟರೆ, "ಸುಮ್ಮ ಕುಂತಾಕಿಗಿ ಯಾಕ ಇಷ್ಟ ಹಾಕ್ತಿ" ಎನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ಬೈದು ಬೈದು ಉಣ್ಣಿಸಿದೆ. ಗೋಡೆ ಹಿಡಿದು ನಿಂತಳು, ಗೋಡೆ ಬಿಟ್ಟು ನಡೆದಳು.

ಮೊನ್ನೆ ಗಿರಣಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಅಕ್ಕ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಮುದುಕಪ್ಪ ಕೋಲು ಹಿಡಿದು ನಮ್ಮ ಓಣಿಗೆ ಅಳತೆಗೆ ಬಂದ. ಗಿರಣಿಗೆ ಹೊಂದಿಕೊಂಡ ನನ್ನ ಮನೆಯ ಹೊಸ್ತಿಲ ಬಲಗಡೆ ಬಾಗಿ ನೋಡಿದ. ಬರೀ ನೆಲ. ಕೋಲಿನಿಂದ ಕೆದಕಿಯೂ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿ, "ಆರಾಮ ಅದೀರೇನ್ರಿ ಅಕ್ಕಾರ?" ಎಂದ.

ಅಕ್ಕ ಕೈಯಲ್ಲಿದ್ದ ಮೆಣಸಿನಕಾಯಿ ಬುಟ್ಟಿಗೆ ಹಾಕಿದಳು. ನನ್ನ ಮುಖ ನೋಡಿದಳು. "ಆರಾಮ ಅದೀನ್ರಿ" ಎಂದಳು.

ಮುದುಕಪ್ಪನ ಮುಖ ಸತ್ತ ಮನೆಗೆ ಮಾತಾಡಿಸಲು ಬಂದವರ ಹಾಗೆ ಆಯಿತು. "ಪಾಪ, ಎಂಥಾ ಗಿಡಾ ಇತ್ತು" ಎಂದ. ಓಣಿಯ ಅತ್ತಿತ್ತ ನೋಡಿ, ದನಿ ತಗ್ಗಿಸಿ, ಅವಳ ಒಳ್ಳೆಯದಕ್ಕೇ ಹೇಳುವಂತೆ ಹೇಳಿದ: "ಮೆಲ್ಲಕ ಹೇಳ್ರಿ. ಯಾರರ ಕೇಳ್ಯಾರು."

ನಾನು ಕಟ್ಟೆಯಿಂದ ಇಳಿಯುವಷ್ಟರಲ್ಲಿ ಅಕ್ಕ ನನ್ನನ್ನು ಕೈಯಿಂದ ತಡೆದಳು. ಸೆರಗು ಸರಿಮಾಡಿಕೊಂಡು, ಕಟ್ಟೆಗೆ ಕೈಯೂರದೆ ಎದ್ದು ನಿಂತಳು. ಇನ್ನೊಮ್ಮೆ ಹೇಳಿದಳು. ಈ ಸಲ ಓಣಿಯ ಆ ತುದಿಗೂ ಕೇಳಿಸಿತು.